ರಾಧಿಕಾ ಕೇಳಿದ ಉಸಿರಿನ ಪಾಠ

ನೆಲೋಗಿ
ಭಾನುವಾರ, 8-12-2024

ನನ್ನ ರಾಧಿಕಾ,

ನೀನೂ ನಿನ್ನ ಹೊಟ್ಟೆಯಲ್ಲಿರುವ ಏಳು ತಿಂಗಳ ಜೀವವೂ ಕಡಗಂಚಿಯಲ್ಲಿ ಸುಖವಾಗಿರಲಿ. ಅಳಿಯ ಅಜಯಕುಮಾರ ಅವರಿಗೂ ನನ್ನ ಹಾರೈಕೆ ತಿಳಿಸು. ದೀಪಾವಳಿ ಮುಗಿದ ವಾರವೇ ನೀನು ಫೋನಿನಲ್ಲಿ, "ಅವ್ವಾ, ಬಸುರಿಯರಿಗೆ ಕಲಸ್ತೀಯಲ್ಲ, ಆ ಉಸಿರಿನ ಪಾಠ ನನಗೂ ಬರದು ಕಳಸು" ಎಂದಿದ್ದೆ. ತಿಂಗಳಾಯಿತು. ಎರಡು ಸಲ ಬರೆಯಲು ಕೂತು ಎರಡು ಸಲವೂ ಹಾಳೆ ಹರಿದು ಹಾಕಿದೆ. ತಡಮಾಡಿದಳೆಂದು ಬೇಸರಪಡಬೇಡ.

ಇಲ್ಲಿ ತೊಗರಿ ಕಾಯಿ ಕಟ್ಟಿದೆ, ಊರೆಲ್ಲ ಹೊಲದಲ್ಲೇ ಇರುತ್ತದೆ. ಅಂಗನವಾಡಿಯಿಂದ ನಿವೃತ್ತಳಾದರೂ ಗುರುವಾರ ಮಧ್ಯಾಹ್ನ ಸಮುದಾಯ ಭವನದ ಬಾಗಿಲು ತೆರೆಯುವವಳು ನಾನೇ. ಐದಾರು ಬಸುರಿಯರು ಬರುತ್ತಾರೆ, ಚಾಪೆ ಹಾಸಿ ಕೂಡುತ್ತೇವೆ.

ನನ್ನ ಅಜ್ಜ, ಮುತ್ತ್ಯಾ ಅಣ್ಣಾರಾಯರನ್ನು ನೀನು ನೋಡಿಲ್ಲ. ಏಕತಾರಿ ಹಿಡಿದು ತತ್ವಪದ ಹಾಡುತ್ತಿದ್ದವರು. ನನ್ನನ್ನು ಪಕ್ಕಕ್ಕೆ ಕೂಡಿಸಿಕೊಂಡು, "ಮೈ ಅಂದ್ರ ಬರೇ ಎಲುಬು ಮಾಂಸ ಅಲ್ಲಬೇ. ಒಳಗ ಇನ್ನೊಂದು ಮೈ ಅದ, ಉಸಿರಿಲೇ ಮಾಡಿದ್ದು. ಅದರಾಗ ಆರು ನೆಲಿ ಅವ" ಎನ್ನುತ್ತಿದ್ದರು. ಕೂಡುವ ಬುಡದಲ್ಲಿ ಆಧಾರ, ಅದು ಮಣ್ಣಿನ ನೆಲೆ. ಕಿಬ್ಬೊಟ್ಟೆಯಲ್ಲಿ ನೀರು, ಹೊಕ್ಕಳಲ್ಲಿ ಬೆಂಕಿ, ಎದೆಯಲ್ಲಿ ಗಾಳಿ, ಗಂಟಲಲ್ಲಿ ಬಯಲು, ಹುಬ್ಬುಗಳ ನಡುವೆ ಅರಿವು. ಅವರ ಸಾಧನೆಯಲ್ಲಿ ಉಸಿರು ಬುಡದಿಂದ ಮೇಲಕ್ಕೇರಬೇಕು. ಹೆರಿಗೆಯಲ್ಲಿ ಎಲ್ಲವೂ ಮಣ್ಣಿನ ಕಡೆಗೆ ಇಳಿಯಬೇಕಲ್ಲ, ಅದಕ್ಕೆ ನಾನು ದಾರಿಯನ್ನೇ ತಿರುಗಿಸಿದೆ. ಮುತ್ತ್ಯಾ ಒಪ್ಪುತ್ತಿದ್ದರೋ ಬೈಯುತ್ತಿದ್ದರೋ ಗೊತ್ತಿಲ್ಲ. ಆದರೆ ದವಡೆ ಸಡಿಲಬಿಟ್ಟು, ಗಂಟಲು ತೆರೆದು, ಉಸಿರನ್ನು ಒಂದೊಂದೇ ನೆಲೆಗೆ ಇಳಿಸಿದ ಹೆಂಗಸರು ನೋವಿನ ಹೊತ್ತಿನಲ್ಲಿ ಕಡಿಮೆ ಅಂಜಿದ್ದನ್ನು ನಾನೇ ಕಂಡಿದ್ದೇನೆ.

ಈ ಸಲ ದಿನ ತುಂಬುತ್ತಿದ್ದವಳು ಜಸ್ಮೀನ. ಇಪ್ಪತ್ತೆರಡರ ಹುಡುಗಿ, ಚೊಚ್ಚಲು. ಅವಳ ಅತ್ತೆ ಫಕ್ರುನ್ನಿಸಾ ಪ್ರತಿ ವಾರ ಸೊಸೆಯನ್ನು ಕರೆತಂದು ತಾನೂ ಕಣ್ಣುಮುಚ್ಚಿ ಕೂಡುವಳು. "ನಮ್ಮ ಪೀರರೂ ಎದಿಯಾಗ ಇಂಥಾವೇ ಜಾಗಾ ಹೇಳ್ತಾರ್ರಿ ಟೀಚರ್, ಹೆಸರಷ್ಟ ಬ್ಯಾರೆ" ಎಂದಿದ್ದಳು ಒಮ್ಮೆ.

ಹೋದ ತಿಂಗಳ ಕೊನೆಯ ಗುರುವಾರ ಪಾಠ ಅರ್ಧಕ್ಕೆ ಬಂದಿತ್ತು. ಕಿಬ್ಬೊಟ್ಟೆಯ ಮೇಲೆ ಅಂಗೈ ಇಡಿರಿ ಎಂದೆ. ಜಸ್ಮೀನ ಮುಖದ ತುಂಬ ಸಮಾಧಾನ ಇಟ್ಟುಕೊಂಡು ಹೇಳಿದಳು: "ಟೀಚರ್, ನಿನ್ನಿಯಿಂದ ಕೂಸು ಮಿಸುಕಾಡೇ ಇಲ್ರಿ. ಛಲೋ ಆತು ಅಂದ್ಕೊಂಡೆ. ನನ್ನ ಮನಸ್ಸು ಶಾಂತ ಆದ್ರ ಕೂಸೂ ಶಾಂತ ಆಗ್ತದಂತ ನೀವ ಹೇಳಿದ್ರಲ್ಲ."

ನಾನೇ ಹೇಳಿದ್ದ ಮಾತು. ಹೊಗಳಿಕೆಗೆ ಕಾಯುತ್ತಿದ್ದಳು ಪಾಪ.

"ಏಳವ್ವಾ, ಚಪ್ಪಲಿ ಹಾಕ್ಕೋ" ಎಂದೆ.

"ಇನ್ನೂ ಪಾಠ ಮುಗದಿಲ್ಲಲ್ರಿ" ಎಂದಳು ಫಕ್ರುನ್ನಿಸಾ.

"ಮುಗೀತು. ಜೇವರ್ಗಿ ದವಾಖಾನಿಗೆ ಹೋಗೂದದ, ಈಗಲೇ."

ಬಸ್ಸಿಗೆ ಕಾಯದೆ ಆಟೋ ಹಿಡಿದೆವು. ದಾರಿಯುದ್ದಕ್ಕೂ ಜಸ್ಮೀನ ನನ್ನ ಕೈ ಹಿಡಿದು, "ಯಾವ ನೆಲಿಯಾಗ ಉಸಿರು ಇಡಬೇಕ್ರಿ?" ಎಂದು ಕೇಳುತ್ತಲೇ ಇದ್ದಳು. "ಎಲ್ಲಿ ಬರ್ತದೋ ಅಲ್ಲೇ ಇರ್ಲಿ" ಎಂದೆ. ದವಾಖಾನೆಯಲ್ಲಿ ಡಾಕ್ಟರಮ್ಮ ಹೊಟ್ಟೆಗೆ ಯಂತ್ರ ಹಚ್ಚಿ ಕೇಳಿ, ಕೂಸಿನ ಎದೆಬಡಿತ ತೀರ ನಿಧಾನವಾಗಿದೆಯೆಂದು ಕೂಡಲೇ ಆಪರೇಷನ್ನಿಗೆ ಒಯ್ದರು. ಕರುಳಬಳ್ಳಿ ಕೊರಳಿಗೆ ಎರಡು ಸುತ್ತು ಬಿದ್ದಿತ್ತಂತೆ. ಹೆಣ್ಣು ಕೂಸು. ಅಳಲು ಸ್ವಲ್ಪ ಹೊತ್ತು ತೆಗೆದುಕೊಂಡಿತು, ಆಮೇಲೆ ಅತ್ತಿತು. ಫಕ್ರುನ್ನಿಸಾ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಮೂರನೆಯ ದಿನ ನೋಡಲು ಹೋದೆ. ಜಸ್ಮೀನ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. "ನಾ ಸರಿಯಾಗಿ ಮಾಡ್ಲಿಲ್ಲ ಕಾಣ್ತದ್ರಿ ಟೀಚರ್. ಅದಕ್ಕೇ ಹೊಟ್ಟಿ ಕೊಯ್ಯೂದಾತು" ಎಂದಳು.

"ಕೂಸು ಮಿಸುಕಾಡವಲ್ದು ಅಂತ ಬಾಯಿ ಬಿಟ್ಟು ಹೇಳಿದೆಲ್ಲವ್ವಾ. ಬಳ್ಳಿ ಸುತ್ತಿದ್ದಕ್ಕ ನಿನ್ನ ಉಸಿರು ಏನು ಮಾಡೀತು? ತಪ್ಪು ನಂದು. ಶಾಂತ ಅಂದ್ರ ಏನಂತ ನಾ ಬಿಡಿಸಿ ಹೇಳಲಿಲ್ಲ" ಎಂದೆ.

ಮನೆಗೆ ಬಂದು ಬಹಳ ಯೋಚಿಸಿದೆ, ಮಗಳೇ. ಮುತ್ತ್ಯಾ ಹೇಳಿದ ಒಳಗಿನ ಮೈ ಸುಳ್ಳೆಂದು ನನಗೆ ಇವತ್ತೂ ಅನ್ನಿಸುವುದಿಲ್ಲ. ಆದರೆ ಅದರ ಹೆಸರಿನಲ್ಲಿ ಈ ಹೊರಗಿನ ಮೈ ಕೂಗಿದ್ದನ್ನು ಕೇಳದೆ ಕೂತರೆ ಅದು ಧ್ಯಾನವಲ್ಲ, ಕಿವುಡು. ಮೊನ್ನೆ ಗುರುವಾರ ಹೆಂಗಸರಿಗೂ ಇದನ್ನೇ ಹೇಳಿದೆ.

ಹಾಗಾಗಿ ನಿನ್ನ ಪಾಠ ಹೀಗಿರಲಿ. ಊಟವಾದ ಮೇಲೆ ಎಡಮಗ್ಗುಲಾಗಿ ಮಲಗಿ ಮೊದಲು ಕೂಸಿನ ಆಟ ಎಣಿಸು. ದಿನದಂತೆ ಆಡಿದರೆ ಎದ್ದು ಗೋಡೆಗೊರಗಿ ಕೂಡು. ಉಸಿರು ಹುಬ್ಬುಗಳ ನಡುವಿನಿಂದ ಗಂಟಲಿಗೆ, ಎದೆಗೆ, ಹೊಕ್ಕಳಿಗೆ, ಕಿಬ್ಬೊಟ್ಟೆಗೆ, ಬುಡಕ್ಕೆ ಇಳಿಯಲಿ. ಬಲವಂತ ಬೇಡ. ಆಟ ಕಡಿಮೆ ಅನ್ನಿಸಿದರೆ ಪಾಠಕ್ಕೆ ಕೂಡಲೇಬೇಡ, ನನ್ನನ್ನೂ ಕೇಳಬೇಡ, ನೆಟ್ಟಗೆ ದವಾಖಾನೆಗೆ ಹೋಗು.

ನಿನ್ನ ಬಸಿರು ತಣ್ಣಗಿರಲಿ, ಮಡಿಲು ತುಂಬಲಿ.

ನಿನ್ನ ಅವ್ವ,
ಶರಣಬಸಮ್ಮ

ತಾ.ಕ.: ಹಾಳೆ ಹರಿದದ್ದು ಇದನ್ನು ಬರೆಯಲಾಗದೆ. ಮೂರು ವರ್ಷದ ಹಿಂದಿನ ಬಸಿರಿನಲ್ಲಿ, ಆ ಸೋಮವಾರ ಬೆಳಿಗ್ಗೆ ನೀನು ಫೋನ್ ಮಾಡಿ, ಕೂಸು ಆಡುತ್ತಿಲ್ಲ ಎಂದೆ. "ಅಂಜಬ್ಯಾಡ, ಎದಿ ಮ್ಯಾಲ ಕೈ ಇಟ್ಟು ಉಸಿರು ನೋಡು, ಸಂಜೀತನಕ ಸರಿಹೋಗ್ತದ" ಎಂದವಳು ನಾನು. ಸಂಜೆ ನೀವು ದವಾಖಾನೆಗೆ ಹೋದಾಗ ಹೊಟ್ಟೆಯಲ್ಲಿ ಕೂಸಿನ ಎದೆಬಡಿತದ ಸದ್ದಿರಲಿಲ್ಲ. ಬೆಳಿಗ್ಗೆಯೇ ಯಾಕೆ ಹೇಳಲಿಲ್ಲ ಎಂದು ಅಜಯಕುಮಾರ ಅವರು ನಿನ್ನನ್ನು ಕೇಳಿದಾಗ ನೀನು, "ನನಗ ಗೊತ್ತಾಗಲಿಲ್ರಿ" ಎಂದುಬಿಟ್ಟೆ. ಅಷ್ಟರಲ್ಲಿ ಬಂದಿದ್ದ ನಾನು ಮಂಚದ ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಇಷ್ಟು ವರ್ಷ ಆ ಮಾತನ್ನು ನೀನೊಬ್ಬಳೇ ಹೊತ್ತಿದ್ದೀ. ಈ ಕಾಗದವನ್ನು ಅವರ ಕೈಗೆ ಕೊಡು.