ರುಹಿಯ ಕೈ

ರುಹಿಯ ಅಜ್ಜನವರೇ,

ರೊಟ್ಟಿ ಬಡಿಯುವುದನ್ನು ಅರ್ಧಕ್ಕೇ ಬಿಟ್ಟು ಬರೆಯುತ್ತಿದ್ದೇನೆ. ಬೆಂದಷ್ಟು ಬುಟ್ಟಿಯಲ್ಲಿವೆ. ಪುಂಡಿಪಲ್ಯ ಬಿಸಿ ಮಾಡಿಕೊಳ್ಳಿರಿ.

ಈಗಷ್ಟೇ ಕೂಸು ಕಾದ ಹಂಚಿನ ಮೇಲೆ ಕೈ ಚಾಚಿ ಕೇಳಿತು: "ಅಜ್ಜೀ, ಸುಟ್ರ ಈ ಕೈ ಮತ್ತ ಚಲೋ ಆಗ್ತೈತೇನ? ನಂಬರ ಬರವಲ್ದಂತ ಅಜ್ಜ ಸಿಟ್ಟಾಗ್ಯಾನ." ರಟ್ಟೆ ಹಿಡಿದು ಎಳೆದುಕೊಂಡೆ.

ಒಮ್ಮೆ ಅವಳು ಎತ್ತಿದ ಚೀಟಿಯ ನಂಬರಿಗೆ ಲಾಟರಿ ಹತ್ತಿತು, ಖರೆ. ಅಂದಿನಿಂದ ದಿನಾ ಮುಂಜಾನೆ ಚೀಟಿಗಳ ಡಬ್ಬಿ ಹಿಡಿದು ಅವಳ ಮುಂದೆ ಕೂರುತ್ತೀರಿ. ಬರದಿದ್ದರೆ "ಮುಖಾ ತೊಳದಿದ್ದಿಲ್ಲ, ಎಡಗೈ ತಾಗಿತ್ತು" ಅನ್ನುತ್ತೀರಿ. ನಿನ್ನೆ ನೀವು ಸಂತೆಗೆ ಹೋದಾಗ ನಾನೂ ಎತ್ತಿ ನೋಡಿದೆ. ಬೇಕೆಂದ ನಂಬರು ಬರಲೇ ಇಲ್ಲ, ಬೇಡವೆಂದದ್ದು ಮತ್ತೆ ಮತ್ತೆ ಬಂತು. ಎತ್ತಿದ್ದು ಯಾರ ಕೈ ಅಂತ ಚೀಟಿಗೇನು ಗೊತ್ತು? ಆ ಚೀಟಿಗಳನ್ನೆಲ್ಲ ಒಲೆಗೆ ಹಾಕಿದ್ದೇನೆ, ಹುಡುಕಬೇಡಿರಿ.

ಆಡಲೇಬೇಕೆಂದರೆ ನಿಮ್ಮ ಚಹಾದ ರೊಕ್ಕದಲ್ಲಿ ಒಂದೇ ಟಿಕೇಟು ತೆಗೆದುಕೊಳ್ಳಿರಿ. ಅಂಗಡಿಯವನು ಕೊಟ್ಟಿದ್ದೇ ನಂಬರು. ಹೋದರೆ ಹೋಯಿತು ಅನ್ನಿರಿ. ಬೈಯುವುದಿದ್ದರೆ ನನ್ನನ್ನು ಬೈಯಿರಿ.

"ನಿನ್ನ ಮಗಳನ್ನು ಬಂದು ಕರೆದುಕೊಂಡು ಹೋಗು" ಎಂದು ಮುಂಡರಗಿಗೆ, ನಮ್ಮ ಶಕೀಲಾಗೆ ಬರೆದ ಪತ್ರ ರಂಜಾನಿನಿಂದ ಟ್ರಂಕಿನಲ್ಲೇ ಇತ್ತು. ಈ ಚಟ ಇಂದು ಬಿಟ್ಟೀರಿ, ನಾಳೆ ಬಿಟ್ಟೀರಿ ಎಂದು ಕಾದೆ. ಇನ್ನು ನನಗೆ ಹೆದರಿಕೆ. ಈಗ ನಾನೂ ರುಹಿಯೂ ಅಂಚೆ ಡಬ್ಬಿಗೆ ಹೊರಟಿದ್ದೇವೆ. ಅವಳನ್ನು ಎತ್ತಿ ಹಿಡಿಯುತ್ತೇನೆ, ಪತ್ರವನ್ನು ಅವಳೇ ಹಾಕಲಿ. ಆ ಕೈಗೆ ಏನೂ ಆಗಿಲ್ಲ.