ಅರ್ಧ ಗೇಟು ನೀರು

ಜನವರಿ 8

ದೋಣಿಗೆ ಗಾಳಿ ತುಂಬಿಸಿದೆ. ಎಡಬದಿಯ ತೇಪೆ ಮತ್ತೆ ಬಿಟ್ಟಿದೆ. ತಮ್ಮನಿಗೆ ಹಚ್ಚಲು ಹೇಳಿದ್ದೆ, ಮರೆತಿದ್ದಾನೆ. ಅವನ ತಲೆಯಲ್ಲಿರುವುದು ಹೊಳೆಯ ಮೀನಿನ ಸಂಶೋಧನೆಗೆ ಬಂದಿರುವ ಮೇಡಂ ಹೇಳಿಕೊಟ್ಟ ಪಾಠ ಮಾತ್ರ.

ನಾಡಿದ್ದಿನಿಂದ ಪರೀಕ್ಷೆ. ಅಣೆಕಟ್ಟಿನ ಲೈಸೆನ್ಸ್ ಮುಗಿಯುತ್ತಿದೆ. ಹೊಸದು ಕೊಡುವ ಮೊದಲು ಹೊಳೆಗೆ ಎಷ್ಟು ನೀರು ಬಿಡಬೇಕೆಂದು ತೀರ್ಮಾನವಾಗಬೇಕು. ದಿನದಿನಕ್ಕೆ ತೆರೆಯುವ ಗೇಟು ಕಮ್ಮಿ ಮಾಡುತ್ತಾರೆ. ನಾವು ರಾಫ್ಟ್ ಗೈಡ್‌ಗಳು ದೋಣಿ ಓಡಿಸಿ, 'ಸಾಕು' ಅಥವಾ 'ಸಾಲದು' ಎಂದು ಸೈನ್ ಹಾಕಬೇಕು. ಮೀನಿಗೆ, ನೀರುನಾಯಿಗೆ ಎರಡು ಗೇಟು ಬೇಕೇ ಬೇಕಂತೆ. ಮೇಡಂ ಎಷ್ಟು ಹೇಳಿದರೂ ಆಫೀಸಿನವರ ಕಿವಿಗೆ ಹೋಗಿಲ್ಲ.

"ಮೀನು ಸೈನ್ ಹಾಕಲ್ವಲ್ಲ, ನೀವೇ ಹಾಕ್ಬೇಕು," ಅಂದರು ಮೇಡಂ. ನಕ್ಕೆ. ಅವರು ನಗಲಿಲ್ಲ.

ಜನವರಿ 10

ಎರಡು ಗೇಟು. ಎಲ್ಲರೂ ಪಾಸು, ಎಲ್ಲರೂ 'ಸಾಕು'. ಇದರಲ್ಲೇನಿದೆ ಮಜಾ.

ಸಂಜೆ ತಮ್ಮ ಬಂದ. "ಅಣ್ಣ, ನಾಳೆ ಒಂದೇ ಗೇಟು. ನಮ್ ಗಿರಾಕಿಗಳು ಹೇಗೆ ಹುಟ್ಟು ಹಾಕ್ತಾರೋ ಹಾಗೇ ಹಾಕು. ನಿನ್ ಕೈಚಳಕ ತೋರಿಸ್ಬೇಡ."

"ಬಂಡೆಗೆ ಸಿಕ್ಕಾಕೊಳ್ಳೋದು ನಿನ್ ಕೆಲಸ. ನಂಗ್ಯಾಕೆ ಹೇಳ್ತೀಯ?"

"ನೀರು ಹೋದ್ರೆ ಹೋದ ಹಾಗೇ ಅಣ್ಣ. ಮಕ್ಳು ಮರಿ ಕರ್ಕೊಂಡು ಬರೋರು ಆಮೇಲೆ ಯಾರೂ ಬರಲ್ಲ. ನನ್ ಹೊಟ್ಟೆಪಾಡೇ ಅದು."

ದಪ್ಪ ಮೀಸೆಯ ಗಂಡಸು, ಕಣ್ಣಲ್ಲಿ ನೀರು. ಗೇಟು ಯಾಕೆ, ಅದನ್ನೇ ಬಿಡು ಹೊಳೆಗೆ ಅಂದೆ. ಒಳಗೆ ಹೆಂಡತಿ ಪಾತ್ರೆ ಕುಕ್ಕಿದಳು.

ಜನವರಿ 11

ಒಂದು ಗೇಟು. ಅತ್ತೆಕಲ್ಲಿಗೆ ಎಲ್ಲರ ದೋಣಿಯೂ ಸಿಕ್ಕಿಕೊಂಡಿತು. ಆ ಬಂಡೆಗೆ ಹೆಸರಿಟ್ಟವನು ನಾನೇ — ಎಷ್ಟು ನಯವಾಗಿ ಹೋದರೂ ತಗಲಿಕೊಳ್ಳದೆ ಬಿಡುವುದಿಲ್ಲ. ತಮ್ಮನ ದೋಣಿ ಅಡ್ಡ ತಿರುಗಿ ನಿಂತಿತು. ಮೊಣಕಾಲು ನೀರಿನಲ್ಲಿಳಿದು ತಳ್ಳುತ್ತಿದ್ದ, ಕೆಸರಿಗೆ ಬಿದ್ದ ಎಮ್ಮೆ ಎಬ್ಬಿಸುವವನ ಹಾಗೆ. ನನ್ನದು ಸವರದೆ ದಾಟಿತು. ಅಣೆಕಟ್ಟಿನ ಎಂಜಿನಿಯರ್ ದಡದಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ಹಾಗಾದ್ರೆ ನೀರಿದೆ ಅಂತಾಯ್ತು. ಓಡ್ಸೋರಿಲ್ಲ ಅಷ್ಟೆ."

ತಮ್ಮ ನನ್ನನ್ನೇ ನೋಡುತ್ತಿದ್ದ. ಮೇಡಂ ಕೂಡ.

"ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ," ಅಂದೆ, ಎಲ್ಲರಿಗೂ ಕೇಳುವಂತೆ. 'ಸಾಕು' — ಸೈನ್. ಎಂಥ ಸುಖ, ಸುಳ್ಳು ಯಾಕೆ ಹೇಳಲಿ.

ಜನವರಿ 12

ಅರ್ಧ ಗೇಟು. "ಇದು ಯಾರ ಕೈಲೂ ಆಗಲ್ಲ ಬಿಡಿ," ಅಂದರು ಎಂಜಿನಿಯರ್, ನನ್ನ ಕಡೆಗೇ ನೋಡುತ್ತ. ಬೇರೆಯವರು ದೋಣಿ ಇಳಿಸಲೇ ಇಲ್ಲ. ಒಬ್ಬನೇ ಇಳಿಸಿದೆ. ಹೋದೆ. ಸೈನ್ ಹಾಕಿದೆ.

ಹೆಂಡತಿ: "ಅಟ್ಟಕ್ಕೆ ಹತ್ತಿಸ್ತಿದಾರೆ ರೀ. ಏಣಿ ತೆಗೆಯೋರೂ ಅವರೇ."

ಒಲೆ ಮುಂದೆ ಕೂತವಳಿಗೆ ಹೊಳೆಯ ಸುದ್ದಿ ಯಾಕೆ.

ಏಪ್ರಿಲ್ 2

ಆರ್ಡರ್ ಬಂತು. ಇನ್ನು ಮೂವತ್ತು ವರ್ಷ ಅರ್ಧ ಗೇಟು. ಕಾರಣ — ಅನುಭವಿ ಗೈಡ್ ಒಬ್ಬರು ಸಾಕು ಅಂದಿದ್ದಾರೆ. 'ಅನುಭವಿ' ಅಂತಲೇ ಇದೆ. ಎರಡು ಸಲ ಓದಿದೆ.

ಮೇ 9

ಗಿರಾಕಿಗಳಿಲ್ಲ. ಬಂದ ಒಂದಿಬ್ಬರೂ ಅತ್ತೆಕಲ್ಲಿನಲ್ಲಿ ಇಳಿದು ದೋಣಿ ಹೊತ್ತು, ಬೈದು ಹೋದರು. ತಮ್ಮ ತನ್ನ ದೋಣಿಗಳನ್ನು ಮಾರಿದ. ಅಣೆಕಟ್ಟಿನಲ್ಲೇ ಗೇಟು ನೋಡಿಕೊಳ್ಳುವ ಕೆಲಸ ಹಿಡಿದಿದ್ದಾನೆ. ನನ್ನೊಡನೆ ಮಾತಿಲ್ಲ.

ಕೆಳಗಿನ ಗುಂಡಿಗಳಲ್ಲಿ ಮೀನು ಬಾಯಿ ಬಿಡುತ್ತಿವೆ. ಮೇಡಂ ಬಕೆಟ್ಟಿನಲ್ಲಿ ಹೊರುತ್ತಿದ್ದಾರೆ... ಎಲ್ಲಿಗೆ ಹೊರುತ್ತಾರೋ. ನೀರುನಾಯಿಯ ಮರಿಗಳೆರಡು ಕಲ್ಲಿನ ಮೇಲೆ ಒಣಗಿ ಬಿದ್ದಿದ್ದವು. ತಾಯಿ ಇನ್ನೂ ಪಕ್ಕದಲ್ಲೇ. ನನ್ನನ್ನು ಕಂಡರೂ ಓಡಲಿಲ್ಲ.

ಮೇ 20, ಬೆಳಿಗ್ಗೆ

ಎಂಜಿನಿಯರ್ ಫೋನು. ಮೇಡಂ ದೂರು ಕೊಟ್ಟಿದ್ದಾರೆ. ನಾಳೆ ಮೇಲಿನ ಅಧಿಕಾರಿಗಳು ಬರುತ್ತಾರೆ, ನಾನು ಓಡಿಸಿ ತೋರಿಸಬೇಕು. ಹೋಗಿ ನೋಡಿದೆ. ಜನವರಿಯ ಅರ್ಧ ಗೇಟೇ ಬೇರೆ, ಇದೇ ಬೇರೆ — ಪಕ್ಕದ ತೊರೆಗಳೂ ಬತ್ತಿವೆ. ಅತ್ತೆಕಲ್ಲಿನ ಬುಡ ಕಾಣುತ್ತಿದೆ. ನಾಚಿಕೆ ಬಿಟ್ಟು ತಮ್ಮನಿಗೆ ಫೋನ್ ಮಾಡಿದೆ.

"ನಾಳೆ ಒಂದ್ ಗಂಟೆ ಹೊತ್ತು ಸ್ವಲ್ಪ ಜಾಸ್ತಿ ಬಿಡೋ."

"ಅರ್ಧ ಸಾಕು ಅಂತ ನೀನೇ ಸೈನ್ ಹಾಕಿದೀಯಲ್ಲಣ್ಣ."

ಫೋನ್ ಇಟ್ಟುಬಿಟ್ಟ.

ಸಂಜೆ

ಮೇಡಂ ಬಂದಿದ್ದರು. "ನಾಳೆ ಅವರ ಕಣ್ಣೆದುರಿಗೆ ಒಂದ್ಸಲ ಸಿಕ್ಕಾಕೊಳ್ಳಿ. ಅಷ್ಟೇ ಸಾಕು. ಆರ್ಡರ್ ಬದಲಾಗತ್ತೆ."

ಆಯ್ತು ಅಂದೆ. ಹೆಂಡತಿ ಮೇಲಾಣೆ ಅಂದೆ. ತಮ್ಮನಿಗೂ ತಿಳಿಸಿ ಅಂದೆ. ಮನಸಾರೆ ಅಂದೆ. ಆ ತಾಯಿ ನೀರುನಾಯಿ ಕಣ್ಣ ಮುಂದಿಂದ ಹೋಗುತ್ತಿಲ್ಲ. ಸಿಕ್ಕಿಕೊಳ್ಳುವುದೇನು ಮಹಾ, ಎಡಕ್ಕೆ ಹುಟ್ಟು ಹಾಕದಿದ್ದರಾಯಿತು.

ಮೇ 21

ಎಡಕ್ಕೇ ಹುಟ್ಟು ಹಾಕಿಬಿಟ್ಟೆ.

ಅತ್ತೆಕಲ್ಲು ಎದುರಿಗೆ ಬಂತು. ದಡದಲ್ಲಿ ಎಲ್ಲರೂ ಫೋನು ಹಿಡಿದಿದ್ದರು. ಯಾರೋ "ಈ ವಯಸ್ಸಲ್ಲಿ, ಪಾಪ" ಅಂದರು. ಪಾಪ ಅಂತೆ. ಕೈ ತಾನಾಗಿ ತಿರುಗಿತು. ತಳ ಕೆರೆಯಿತು, ನಿಲ್ಲಲಿಲ್ಲ. ಚಪ್ಪಾಳೆ. ಮೇಡಂ ಬಕೆಟ್ಟು ಅಲ್ಲೇ ಬಿಟ್ಟು ನಡೆದರು. ಮೇಲೆ ಗೇಟಿನ ಬಳಿ ನಿಂತಿದ್ದ ತಮ್ಮ ಬೆನ್ನು ತಿರುಗಿಸಿದ.

ದೊಡ್ಡ ಅಧಿಕಾರಿ ಕೈ ಕುಲುಕಿದರು. ಎಂಜಿನಿಯರ್ ಹೆಗಲ ಮೇಲೆ ಕೈ ಹಾಕಿದರು. "ಕಾಲು ಗೇಟಿದ್ರೂ ಹೋಗ್ತೀರಾ?"

ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ನಾನು ಅಂದೆ — "ಕಾಲು ಯಾಕೆ, ಇಬ್ಬನಿ ಬಿದ್ರೂ ಸಾಕು."