ಏಳನೇ ಬೆಡ್ಡಿನ ಡ್ಯೂಟಿ

ಎಡಪ್ಪಳ್ಳಿ, ಕೊಚ್ಚಿ
ಆಗಸ್ಟ್ ೨೨, ೨೦೨೪, ಗುರುವಾರ

ಪ್ರೀತಿಯ ಅಮ್ಮಾ,

ಕೊರಿಯರಿನಲ್ಲಿ ಪತ್ರ ಬಂತೆಂದು ಹೆದರಬೇಡ, ನನಗೇನೂ ಆಗಿಲ್ಲ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ಸ್ಪೀಕರ್ ಹಾಕುತ್ತೀಯ, ಅಪ್ಪ ಪಕ್ಕದಿಂದ ‘ಏನಂತೆ, ಏನಂತೆ’ ಅನ್ನುತ್ತಾರೆ, ನಾನು ‘ಏನಿಲ್ಲ, ಎಲ್ಲಾ ಚೆನ್ನಾಗಿದೆ’ ಎಂದು ಇಟ್ಟುಬಿಡುತ್ತೇನೆ. ಮೂರು ತಿಂಗಳಿಂದ ಅದನ್ನೇ ಮಾಡುತ್ತಿದ್ದೇನೆ.

ಶನಿವಾರ ಬೆಳಗಿನ ರೈಲಿಗೆ ನಮ್ಮ ಆಸ್ಪತ್ರೆಯ ಐಸಿಯು ನರ್ಸ್ ಜಾಯ್ಸಕ್ಕ ತಿರುವನಂತಪುರಕ್ಕೆ ಬರುತ್ತಾರೆ. ಆರು ವಾರ ಅಪ್ಪನ ಕ್ವಾರ್ಟರ್ಸಿನಲ್ಲಿ, ನನ್ನ ಕೋಣೆಯಲ್ಲಿ ಇರಲಿ. ನಿನ್ನನ್ನು ಕೇಳದೆ ಮಾತು ಕೊಟ್ಟೆ. ಬೈಯುವುದಿದ್ದರೆ ನನಗೆ ಬೈಯಿ, ಅವರೆದುರು ಮುಖ ಸಿಂಡರಿಸಬೇಡ.

ಅವರು ಮಂಜೇಶ್ವರದ ಕಡೆಯವರು. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಕ್ಯಾಂಟೀನಿನಲ್ಲಿ ನಿನ್ನ ಜೊತೆ ಫೋನಿನಲ್ಲಿ ಮಾತಾಡುವುದನ್ನು ಕೇಳಿಸಿಕೊಂಡು ಎದ್ದು ಬಂದರು. “ಎಂತ ಮಾರಾಯ್ತಿ, ಕನ್ನಡ ಬರ್ತದಾ ನಿಂಗೆ? ಮೂರು ದಿನದಿಂದ ಎದುರೇ ಕೂತು ಬಾಯಿ ಬಿಡ್ಲಿಲ್ಲ ನೀನು. ಬಾಯಿಗೆ ಬೀಗ ಹಾಕಿ ಕೀಯನ್ನು ಅಮ್ಮನ ಹತ್ರ ಬಿಟ್ಟು ಬಂದಿದ್ದೀಯಾ?” ಎಂದರು. ಅಂದಿನಿಂದ ನನ್ನ ತಟ್ಟೆಯಲ್ಲಿ ಮೀನಿಲ್ಲದ ಊಟ ನೋಡಿ ಅಯ್ಯೋ ಪಾಪ ಅನ್ನುವುದು ಅವರ ದಿನಚರಿಯಾಯಿತು.

ಮೇ ತಿಂಗಳಲ್ಲಿ ಅವರ ಗಂಡ ವಿಲ್ಫ್ರೆಡ್ ನ್ಯುಮೋನಿಯಾ ಆಗಿ ಅದೇ ಐಸಿಯುಗೆ ಬಂದರು, ಏಳನೇ ಬೆಡ್ಡಿಗೆ. ನರ್ಸಿಗೆ ಸ್ವಂತದವರನ್ನು ಒಪ್ಪಿಸುವ ರೂಢಿಯಿಲ್ಲ. ಆದರೆ ಅಂದು ಇಬ್ಬರು ಡ್ಯೂಟಿಗೆ ಬಂದಿರಲಿಲ್ಲ, ಜಾಯ್ಸಕ್ಕನೇ ನೋಡಿಕೊಂಡರು. ಮಧ್ಯಾಹ್ನ ಎರಡಕ್ಕೆ ಪಾಳಿ ಬದಲಾಗುತ್ತದೆ. ಹೋಗುವ ನರ್ಸ್ ಪ್ರತಿ ಬೆಡ್ಡಿನ ಕಾಲ ಬಳಿ ನಿಂತು ರೋಗಿಯ ಹೆಸರು, ವಯಸ್ಸು, ಉಸಿರು, ಔಷಧಿ ಎಲ್ಲ ಹೇಳಬೇಕು. ಬಂದ ನರ್ಸ್ ಒಮ್ಮೆ ನೋಡಿ “ಎಡುತ್ತು” ಅನ್ನಬೇಕು, ತಗೊಂಡೆ ಎಂದು. ಆ ಮಾತು ಬರುವವರೆಗೆ ರೋಗಿ ಹೋಗುವವಳ ಹೊಣೆ. ಈ ವಾರ್ಡಿನಲ್ಲಿ ಅದು ಸಹಿಗಿಂತ ದೊಡ್ಡದು.

ಅಂದು ಜಾಯ್ಸಕ್ಕ ಎಲ್ಲ ಹೇಳಿದರು. ಬಂದ ಹುಡುಗಿ ಉತ್ತರಿಸುವ ಮೊದಲೇ ಮೂರನೇ ಬೆಡ್ಡಿನ ಅಲಾರಂ ಕೂಗಿತು, ಅವಳು ಅತ್ತ ಓಡಿದಳು. ಜಾಯ್ಸಕ್ಕ ಕೈ ತೊಳೆಯಲು ಹೋದರು. ಅಷ್ಟರಲ್ಲಿ ವಿಲ್ಫ್ರೆಡ್ ತೀರಿಕೊಂಡರು.

ನಾಲ್ಕನೇ ದಿನ ಜಾಯ್ಸಕ್ಕ ಕೆಲಸಕ್ಕೆ ಬಂದರು. ತಿಂಗಳ ನರ್ಸ್ ಎಂದು ಅವರನ್ನೇ ಆರಿಸಿದರು, ಪ್ರಚಾರ ವಿಭಾಗದವಳು ಎಂದು ಅವರ ಬಗ್ಗೆ ಬರೆಯುವ ಕೆಲಸ ನನಗೆ ಬಂತು. ಮಾತಾಡಿಸಿದಾಗ ಅವರು ಹೇಳಿದ್ದು ಇಷ್ಟೇ: “ರಜೆ ಕೇಳಿದೆ, ಜನ ಇಲ್ಲ ಅಂದ್ರು. ಮನೆಯಲ್ಲಿ ಕೂತರೆ ಅವರ ಉಸಿರು ಕೇಳ್ತದೆ. ಇಲ್ಲಿಯೂ ಕೇಳ್ತದೆ.”

ನಾನು ಬರೆದದ್ದು: ‘ಕರ್ತವ್ಯದಲ್ಲೇ ಆಕೆ ಸಾಂತ್ವನ ಕಂಡುಕೊಂಡರು.’ ವಾಕ್ಯ ಚೆನ್ನಾಗಿತ್ತು ಅಮ್ಮಾ. ಎಂ.ಎ. ಓದಿದ ಎರಡು ವರ್ಷದಲ್ಲಿ ಅಷ್ಟು ಚೆನ್ನಾಗಿ ಬರೆದಿರಲಿಲ್ಲ. ಅದನ್ನು ಅವರ ಫೋಟೋದ ಕೆಳಗೆ ಲಿಫ್ಟ್ ಪಕ್ಕದಲ್ಲಿ ತೂಗುಹಾಕಿದರು. ಜನ ನಿಂತು ಓದಿ ಕಣ್ಣೊರೆಸಿಕೊಳ್ಳುತ್ತಿದ್ದರು, ನಾನು ದೂರದಿಂದ ನೋಡಿ ಸಂತೋಷಪಡುತ್ತಿದ್ದೆ.

ಜುಲೈಯಲ್ಲಿ ಹೆಡ್ ನರ್ಸ್ ಜಲಜಾ ಸಿಸ್ಟರ್ ನನ್ನನ್ನು ಐಸಿಯು ಬಾಗಿಲಿಗೆ ಕರೆದರು. “ಎರಡು ಗಂಟೆಗೆ ಇಲ್ಲಿ ನಿಲ್ಲು ಮಗಳೇ, ಕಣ್ಣಿಂದ ನೋಡು” ಎಂದರು. ಜಾಯ್ಸಕ್ಕ ಏಳನೇ ಬೆಡ್ಡಿಗೆ ಬಂದರು. ಅಲ್ಲಿದ್ದ ಅಜ್ಜಿಯ ವಿವರ ಹೇಳಿದರು, ಬಂದ ನರ್ಸ್ “ಎಡುತ್ತು” ಅಂದಳು. ಜಾಯ್ಸಕ್ಕ ಅಲ್ಲಿಂದ ಕದಲಲಿಲ್ಲ. ಅದೇ ದನಿಯಲ್ಲಿ ಮುಂದುವರಿಸಿದರು. “ವಿಲ್ಫ್ರೆಡ್, ನಲವತ್ತೊಂದು ವರ್ಷ. ಉಸಿರು ಮೇಲೆ ಮೇಲೆ. ಕೈ ಬೆಚ್ಚಗಿದೆ. ಹೆಂಡತಿ ಹೊರಗೆ ಕಾಯ್ತಿದ್ದಾಳೆ.” ಸುತ್ತ ನಿಂತವರು ನೆಲ ನೋಡಿದರು. ಯಾರೂ “ಎಡುತ್ತು” ಅನ್ನಲಿಲ್ಲ. ಅವರು ಐದು ಗಂಟೆಯವರೆಗೂ ಚೀಲ ಹಿಡಿದು ಅಲ್ಲೇ ನಿಂತಿದ್ದರು. ದಿನವೂ ಹೀಗೇ ಅಂತೆ. ಉಳಿದ ಕೆಲಸದಲ್ಲಿ ಒಂದು ತಪ್ಪಿಲ್ಲ.

‘ಒಂದು ಮಾತು ತಾನೆ, ಯಾರಾದರೂ ಹೇಳಿಬಿಡಬಾರದೇ’ ಎಂದು ಕೇಳಿದೆ. ಜಲಜಾ ಸಿಸ್ಟರ್ ನನ್ನ ಬಾಯಿ ಮುಚ್ಚಿದರು. “ಇಲ್ಲದವರನ್ನು ತಗೊಂಡರೆ ಆ ಡ್ಯೂಟಿ ಯಾವಾಗ ಮುಗಿಯುತ್ತೆ? ಮೂವತ್ತು ವರ್ಷದ ಸರ್ವಿಸ್ ನನ್ನದು, ನನಗೂ ಧೈರ್ಯ ಇಲ್ಲ. ನೀನು ರಜೆಗೆ ಬರೆದುಕೊಡು, ಬರೆಯೋಳು ನೀನೇ ತಾನೆ?”

ಕಷ್ಟದಲ್ಲಿರುವ ಸಿಬ್ಬಂದಿಗೆ ಸಂಬಳದ ಜೊತೆ ರಜೆ ಕೊಡಲು ಇಲ್ಲೊಂದು ಸಮಿತಿಯಿದೆ. ಅರ್ಜಿ ಬರೆದೆ. ಸಮಿತಿಯ ರಾಜೀವ್ ಸರ್ ನನ್ನನ್ನು ಕರೆದು ನಕ್ಕರು. “ಕೆಲಸದಲ್ಲೇ ಸಾಂತ್ವನ ಅಂತ ನೀವೇ ಬರೆದಿದ್ದೀರಲ್ಲ? ಗೋಡೆ ಮೇಲಿದೆ. ಸಾಂತ್ವನ ಸಿಕ್ಕಿದವರಿಗೆ ರಜೆ ಯಾಕಮ್ಮ?” ನಾನು ತಲೆ ತಗ್ಗಿಸಿ ಹೊರಗೆ ಬಂದೆ. ಇದನ್ನು ನಿನಗೆ ಹೇಳಲು ನಾಚಿಕೆ. ಹೀಗೇ ಇಪ್ಪತ್ತು ದಿನ ಸುಮ್ಮನಿದ್ದೆ. ದಿನಾ ಎರಡರಿಂದ ಐದರವರೆಗೆ ಅವರು ಅಲ್ಲಿ ನಿಂತಿರುತ್ತಾರೆ ಎಂದು ಗೊತ್ತಿದ್ದೂ.

ಹೋದ ವಾರ ಸಮಿತಿಗೆ ಇನ್ನೊಂದು ಕಾಗದ ಬರೆದೆ. ಆ ವಾಕ್ಯ ನನ್ನ ಕಲ್ಪನೆ, ಅವರು ಹೇಳಿದ್ದು ಬೇರೆ ಎಂದು ಹೇಳಿ, ಅವರ ಮಾತನ್ನು ಇದ್ದ ಹಾಗೇ ಕೆಳಗೆ ಬರೆದೆ. ರಾಜೀವ್ ಸರ್ ಈಗ ನನ್ನ ಜೊತೆ ಮಾತಾಡುವುದಿಲ್ಲ. ಆದರೆ ಸೋಮವಾರ ಆರು ವಾರದ ರಜೆ ಬಂತು. ಜಾಯ್ಸಕ್ಕ ರಜೆ ಮುಗಿಸಿ ಬಂದ ಮೇಲೆ ಬೇರೆ ವಾರ್ಡಿಗೆ ಹಾಕುತ್ತಾರಂತೆ, ಅವರನ್ನು ನೋಡಲು ಮನಸ್ಸಿನ ಡಾಕ್ಟರನ್ನೂ ಗೊತ್ತು ಮಾಡಿದ್ದಾರೆ.

ರಜೆ ಚೀಟಿ ಕೊಟ್ಟರೆ ಜಾಯ್ಸಕ್ಕ ಮಡಚಿ ನನಗೇ ವಾಪಸ್ ಕೊಟ್ಟರು. “ಎಂತ ಹುಚ್ಚಿ ನೀನು. ನಾನು ಹೋದ್ರೆ ಅವರನ್ನ ಯಾರು ತಗೊಳ್ತಾರೆ? ಒಬ್ಬರೇ ಇರ್ಲಿಕ್ಕೆ ಹೆದರ್ತಾರೆ.” ಎರಡು ದಿನ ಒಪ್ಪಲಿಲ್ಲ. ನಿನ್ನೆ ಒಪ್ಪಿದರು. ಹೇಗೆ ಎಂದು ನೀನು ಕೇಳಬೇಡ.

ಅವರಿಗೆ ಏನೂ ಹೇಳಬೇಡ, ಧೈರ್ಯ ತುಂಬಬೇಡ. ಮೀನು ಬೇಕೆಂದರೆ ಅಪ್ಪ ಹೊರಗಿನಿಂದ ತಂದುಕೊಡಲಿ. ಮಧ್ಯಾಹ್ನ ಊಟದ ನಡುವೆ ಎದ್ದು ನಿಂತರೆ ನಿಲ್ಲಲಿ, ನೀನೂ ಜೊತೆಗೆ ನಿಲ್ಲು, ಅಷ್ಟೇ. ನಮ್ಮ ಅಜ್ಜಿ ತೀರಿಕೊಂಡಾಗ ನಿನ್ನ ಜೊತೆ ಹಾಗೆ ನಿಲ್ಲುವವರು ಯಾರೂ ಇರಲಿಲ್ಲ ಎಂದು ಈಗ ಅನಿಸುತ್ತದೆ. ಆಗ ನಾನು ಒಳಗೆ ಕೂತು ಕಾದಂಬರಿ ಓದುತ್ತಿದ್ದೆ.

ನಿನ್ನ,
ಮಹತಿ

ತಾ.ಕ.: ಹೇಳದೆ ಪತ್ರ ಅಂಟಿಸಲಾಗಲಿಲ್ಲ. ನಿನ್ನೆ ಎರಡು ಗಂಟೆಗೆ ನಾನು ಐಸಿಯುಗೆ ಹೋದೆ. ವಿಲ್ಫ್ರೆಡ್ ವಿವರ ಮುಗಿದಾಗ ಎಲ್ಲರ ಹಿಂದೆ ನಿಂತಿದ್ದ ನಾನು ಜೋರಾಗಿ “ಎಡುತ್ತು” ಅಂದೆ. ನನ್ನ ದನಿ ಅಷ್ಟು ಜೋರು ಎಂದು ನನಗೇ ಗೊತ್ತಿರಲಿಲ್ಲ. ಜಾಯ್ಸಕ್ಕ ಒಮ್ಮೆ ನನ್ನನ್ನು ನೋಡಿ, “ಕಾಲಿಗೆ ಹೊದಿಕೆ ಜಾರ್ತದೆ, ನೋಡ್ಕೋ” ಎಂದು ಚೀಲ ಹೆಗಲಿಗೇರಿಸಿ ಎರಡೂ ಹತ್ತಕ್ಕೆ ಮನೆಗೆ ಹೋದರು. ಜಲಜಾ ಸಿಸ್ಟರ್ ಶಿಲುಬೆಯ ಗುರುತು ಮಾಡಿಕೊಂಡರು. ಅವರು ಹಿಂದೂ. ಇವತ್ತು ಎರಡಕ್ಕೆ ನಾನು ಆಫೀಸಿನಲ್ಲಿ ಕೂರಲಾಗದೆ ಮೇಲೆ ಹೋದೆ. ಏಳನೇ ಬೆಡ್ ಖಾಲಿಯಿತ್ತು, ಮಡಚಿಟ್ಟ ಹೊದಿಕೆ ಕೆಳಗೆ ಬಿದ್ದಿತ್ತು. ಎತ್ತಿ ಹೊದಿಸಿ ಬಂದೆ ಅಮ್ಮಾ.